ಸ್ಪೋರ್ಟ್ಸ್ ಕಾರಿನ ದನಿ ತಿದ್ದುವ ಕೆಲಸ

ಟೊಯೋಟಾ 86 ಎಂಬ ಪುಟ್ಟ ಸ್ಪೋರ್ಟ್ಸ್ ಕಾರಿನ ಹಿಂಬದಿಗೆ ಬಗ್ಗಿ ಎಕ್ಸಾಸ್ಟ್ ಕೊಳವೆಯ ಬಾಯಿ ಅಳೆದರೆ 86 ಮಿಲಿಮೀಟರ್ ಬರುತ್ತದೆ. ಎಂಜಿನ್ ಸಿಲಿಂಡರಿನ ವ್ಯಾಸ 86 ಮಿ.ಮೀ., ಅದರೊಳಗೆ ಪಿಸ್ಟನ್ ಓಡಾಡುವ ದೂರವೂ 86 ಮಿ.ಮೀ. ಹೆಸರಿಗೆ ತಕ್ಕಂತೆ ಅಳತೆ ಹೊಂದಿಸಿದ್ದು ಜಪಾನಿನ ಎಂಜಿನಿಯರ್ ತೆತ್ಸುಯಾ ತಾಡಾ ಅವರ ತಂಡ. ಟೊಯೋಟಾ ಮತ್ತು ಸುಬಾರು ಜೊತೆಗೂಡಿ 2012ರಲ್ಲಿ ಮಾರುಕಟ್ಟೆಗೆ ತಂದ ಈ ಕಾರು ಸುಬಾರು ಷೋರೂಮಿನಲ್ಲಿ ಬಿಆರ್‌ಝಡ್, ಅಮೆರಿಕದಲ್ಲಿ ಕೆಲವು ವರ್ಷ ಸಯಾನ್ ಎಫ್‌ಆರ್‌-ಎಸ್‌ ಎಂಬ ಹೆಸರಲ್ಲಿ ಮಾರಾಟವಾಯಿತು. ಬಿಡದಿಯಲ್ಲಿ ಇನ್ನೋವಾ ತಯಾರಿಸುವ ಟೊಯೋಟಾ ಇದನ್ನು ಭಾರತಕ್ಕೆ ಅಧಿಕೃತವಾಗಿ ತರಲೇ ಇಲ್ಲ. ಜಪಾನ್, ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಮಾತ್ರ ಸಾಧಾರಣ ಸಂಬಳದವರೂ ಕೊಳ್ಳಬಹುದಾದ ಸ್ಪೋರ್ಟ್ಸ್ ಕಾರು ಅನ್ನಿಸಿಕೊಂಡಿತು.

ಸ್ಟೀರಿಂಗ್ ಹಿಡಿದವರೆಲ್ಲ ಹೊಗಳಿದರು. ತಿರುವಿನಲ್ಲಿ ಕಾರು ನಿಲ್ಲುವ ರೀತಿ, ನೆಲಕ್ಕೆ ಅಂಟಿಕೊಂಡಂತೆ ಕೂರುವ ಸೀಟು, ಹಗುರ ಮೈ ಎಲ್ಲಕ್ಕೂ ಮೆಚ್ಚುಗೆ ಸಿಕ್ಕಿತು. ಎರಡು ವಿಷಯಕ್ಕೆ ಮಾತ್ರ ತಕರಾರು ಎದ್ದಿತು. ಒಂದು, ಆಕ್ಸಿಲರೇಟರ್ ಒತ್ತುತ್ತ ಹೋದರೆ ನಡುವೆ ಎಂಜಿನ್ ಉಸಿರು ಕಟ್ಟಿದಂತಾಗುವುದು. ಇನ್ನೊಂದು, ಅದರ ದನಿ. ಕೇಳಿದರೆ ಕಿವಿ ನಿಮಿರುವಂಥದ್ದು ಏನೂ ಇಲ್ಲ. ಎರಡಕ್ಕೂ ಮದ್ದು ಎಕ್ಸಾಸ್ಟ್‌ನಲ್ಲೇ ಇದೆ ಎಂದು ಮಾಲೀಕರು ಬಹುಬೇಗ ಕಂಡುಕೊಂಡರು. ಎಕ್ಸಾಸ್ಟ್ ಬದಲಿಸುವುದೆಂದರೆ ನಿಜಕ್ಕೂ ಏನು ಮಾಡುವುದು ಎಂದು ತಿಳಿಯಬೇಕಾದವರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಎಂಜಿನ್ನಿನ ದನಿ ಹುಟ್ಟುವುದು ವಾಲ್ವ್ ತೆರೆದ ಕ್ಷಣದಲ್ಲಿ. ಸಿಲಿಂಡರಿನೊಳಗೆ ಪೆಟ್ರೋಲು ಉರಿದು ಉಳಿದ ಅನಿಲ ಇನ್ನೂ ವಾಯುಮಂಡಲದ ಹಲವು ಪಟ್ಟು ಒತ್ತಡದಲ್ಲಿರುತ್ತದೆ. ವಾಲ್ವ್ ಸರಿದದ್ದೇ ತಡ, ಅದು ಕೊಳವೆಗೆ ನುಗ್ಗುತ್ತದೆ. ಹೀಗೆ ನುಗ್ಗಿದ ಒಂದೊಂದು ಬಡಿತವೂ ಒಂದೊಂದು ಶಬ್ದ. ನಾಲ್ಕು ಸಿಲಿಂಡರಿನ ಎಂಜಿನ್ ಒಂದು ಸುತ್ತಿಗೆ ಎರಡು ಬಾರಿ ಬಡಿಯುತ್ತದೆ. 3,000 ಆರ್‌ಪಿಎಂನಲ್ಲಿ ಎಂದರೆ ಸೆಕೆಂಡಿಗೆ 50 ಸುತ್ತು, 100 ಬಡಿತ, ಅಂದರೆ 100 ಹರ್ಟ್ಸ್‌ನ ಮಂದ್ರ ಶಬ್ದ. ಸಿಲಿಂಡರ್ ಹೆಚ್ಚಿದಷ್ಟೂ, ಆರ್‌ಪಿಎಂ ಏರಿದಷ್ಟೂ ಶ್ರುತಿ ಮೇಲೇರುತ್ತದೆ. 2010ರಿಂದ 2012ರವರೆಗೆ ಐನೂರೇ ತಯಾರಾದ ಲೆಕ್ಸಸ್ ಎಲ್‌ಎಫ್‌ಎ ಕಾರಿನ ಹತ್ತು ಸಿಲಿಂಡರಿನ ಎಂಜಿನ್ 9,000 ಆರ್‌ಪಿಎಂ ಮುಟ್ಟಿದಾಗ ಸೆಕೆಂಡಿಗೆ 750 ಬಡಿತ. ಸಂಗೀತ ವಾದ್ಯಗಳಿಗೂ ಹೆಸರಾದ ಯಮಾಹಾ ಆ ಕಾರಿನ ದನಿ ಹದಮಾಡಲು ಕೈಜೋಡಿಸಿತ್ತು. ಕೇಳಿದವರು ಮರೆಯದ ದನಿ ಅದು.

ಶ್ರುತಿಯಷ್ಟೇ ಮುಖ್ಯವಾದದ್ದು ಬಡಿತಗಳ ನಡುವಿನ ಅಂತರ. ಅಮೆರಿಕದ ವಿ8 ಎಂಜಿನ್ನುಗಳ ಗುಡುಗುಡು ನೆನಪಿಸಿಕೊಳ್ಳಿ. ಅಲ್ಲಿ ಎಂಟೂ ಸಿಲಿಂಡರ್‌ಗಳು ಒಟ್ಟಾರೆಯಾಗಿ ಸಮ ಅಂತರದಲ್ಲೇ ಉರಿಯುತ್ತವೆ. ಆದರೆ ಎಡಸಾಲಿನ ನಾಲ್ಕು, ಬಲಸಾಲಿನ ನಾಲ್ಕು ಎಂದು ಬೇರೆಬೇರೆಯಾಗಿ ನೋಡಿದರೆ ಒಂದು ಸಾಲಿನೊಳಗಿನ ಅಂತರ, ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕ್ ದಂಡದ ಸುತ್ತಿನ ಲೆಕ್ಕದಲ್ಲಿ, ಒಮ್ಮೆ 90 ಡಿಗ್ರಿ, ಒಮ್ಮೆ 180, ಒಮ್ಮೆ 270. ಈ ಏರುಪೇರೇ ಆ ಗುಡುಗು. ಫೆರಾರಿ ತನ್ನ ವಿ8ಗೆ ಬೇರೆ ಬಗೆಯ ಕ್ರ್ಯಾಂಕ್ ಹಾಕುತ್ತದೆ. ಅಲ್ಲಿ ಪ್ರತಿ ಸಾಲಿನಲ್ಲೂ ಬಡಿತ ತಪ್ಪದೆ 180 ಡಿಗ್ರಿಗೊಮ್ಮೆ ಬರುತ್ತದೆ. ಅದಕ್ಕೇ 2009ರ ಫೆರಾರಿ 458 ಗುಡುಗುವುದಿಲ್ಲ, ಕೂಗುತ್ತದೆ. ಎರಡೂ ವಿ8, ಎರಡಕ್ಕೂ ಎಂಟೇ ಸಿಲಿಂಡರ್. ಯಾವ ಸೈಲೆನ್ಸರ್ ಹಾಕಿದರೂ ಒಂದನ್ನು ಇನ್ನೊಂದನ್ನಾಗಿ ಮಾಡಲಾಗದು. ಈ ಮಾತನ್ನು ಎಕ್ಸಾಸ್ಟ್‌ಗೆ ಹಣ ಸುರಿಯುವ ಮುನ್ನವೇ ತಿಳಿದಿರಬೇಕು. ಎಂಜಿನ್ನಿನಲ್ಲಿ ಇಲ್ಲದ ದನಿಯನ್ನು ಕೊಳವೆ ಕೊಡಲಾರದು.

ಇರುವುದನ್ನು ಮರೆಮಾಡಲು ಇಲ್ಲವೆ ಎತ್ತಿ ತೋರಿಸಲು ಮಾತ್ರ ಅದಕ್ಕೆ ಸಾಧ್ಯ. 86ರ ಕತೆ ಸ್ವಾರಸ್ಯವಾಗುವುದು ಇಲ್ಲಿಯೇ. ಅದರಲ್ಲಿರುವುದು ಸುಬಾರುವಿನ ಬಾಕ್ಸರ್ ಎಂಜಿನ್. ಎರಡು ಸಿಲಿಂಡರ್ ಎಡಕ್ಕೆ, ಎರಡು ಬಲಕ್ಕೆ ಮಲಗಿರುತ್ತವೆ. ಉರಿಯುವ ಕ್ರಮ 1-3-2-4. ಒಂದು, ಮೂರು ಬಲಸಾಲಿನವು. ಎರಡು, ನಾಲ್ಕು ಎಡಸಾಲಿನವು. ಅಂದರೆ ಬಲ, ಬಲ, ಎಡ, ಎಡ ಎಂದು ಜೋಡಿಜೋಡಿಯಾಗಿ ಬಡಿತ ಬರುತ್ತದೆ. ಹಳೆಯ ಸುಬಾರು ಇಂಪ್ರೆಜಾ ಕಾರುಗಳಲ್ಲಿ ಒಂದು ಸಾಲಿನ ಕೊಳವೆ ಗಿಡ್ಡ, ಇನ್ನೊಂದು ಸಾಲಿನದು ಎಂಜಿನ್ನಿನ ಅಡಿಯಲ್ಲಿ ಸುತ್ತಿ ಬರುವಷ್ಟು ಉದ್ದ. ಬಡಿತಗಳು ಸೇರುವ ಜಾಗಕ್ಕೆ ಹಿಂದುಮುಂದಾಗಿ ತಲುಪುತ್ತಿದ್ದವು. ರ‍್ಯಾಲಿ ನೋಡುವವರಿಗೆಲ್ಲ ಗೊತ್ತಿರುವ ಸುಬಾರುವಿನ ಧಡಧಡ ಹುಟ್ಟಿದ್ದು ಈ ಉದ್ದದ ವ್ಯತ್ಯಾಸದಿಂದ. 86ಕ್ಕೆ ಹಾಗಲ್ಲ. ನಾಲ್ಕೂ ಕೊಳವೆಗಳನ್ನು ಸಮ ಉದ್ದಕ್ಕೆ ಬಗ್ಗಿಸಿ ಒಂದುಗೂಡಿಸಿದರು. ಎಂಜಿನಿಯರಿಂಗ್ ದೃಷ್ಟಿಯಿಂದ ಅದು ಉತ್ತಮ. ಬಡಿತಗಳು ಸರದಿಯಂತೆ ಬಂದು ಸೇರುತ್ತವೆ. ದನಿ ಮಾತ್ರ ಯಾವ ನಾಲ್ಕು ಸಿಲಿಂಡರಿನ ಕಾರಿನದಾದರೂ ಆಗಬಹುದಾದಷ್ಟು ಸಾಮಾನ್ಯವಾಯಿತು. ಹಳೆಯ ಧಡಧಡ ಬೇಕೆಂದವರು ಹೆಡರ್ ಎನ್ನುವ ಈ ಕೊಳವೆ ಗೊಂಚಲನ್ನೇ ತೆಗೆದು ಅಸಮ ಉದ್ದದ್ದನ್ನು ತಂದು ಹಾಕಿಕೊಂಡರು. ಅದೇ ಎಂಜಿನ್, ಅದೇ ಸಿಲಿಂಡರ್‌ಗಳು, ಬದಲಾದದ್ದು ಕೊಳವೆಯ ಉದ್ದವೊಂದೇ. ಆದರೂ ಕಣ್ಣು ಮುಚ್ಚಿ ಕೇಳಿದರೆ ಬೇರೆಯೇ ಕಾರು.

ಇಷ್ಟೆಲ್ಲ ಆದ ಮೇಲೆ ಬರುವುದು ಸೈಲೆನ್ಸರ್. ಕಂಪನಿ ಕೊಟ್ಟ ಸೈಲೆನ್ಸರಿನ ಹೊಟ್ಟೆಯಲ್ಲಿ ತಗಡಿನ ಕೋಣೆಗಳಿರುತ್ತವೆ. ಶಬ್ದದ ಅಲೆ ಒಂದು ಕೋಣೆಯಿಂದ ಇನ್ನೊಂದಕ್ಕೆ ಅಡ್ಡಾಡುತ್ತ, ಗೋಡೆಗೆ ಬಡಿದು ಹಿಂದಿರುಗುತ್ತ, ತಾನೇ ತನಗೆ ಎದುರಾಗಿ ಕರಗುತ್ತದೆ. ಹೊರಗೆ ಬಿಡಿಯಾಗಿ ಮಾರುವ ಸೈಲೆನ್ಸರುಗಳಲ್ಲಿ ಹೆಚ್ಚಿನವು ಇನ್ನೊಂದು ಜಾತಿಯವು. ಮೈತುಂಬ ರಂಧ್ರವಿರುವ ನೇರ ಕೊಳವೆ, ಅದರ ಸುತ್ತ ಗಾಜಿನ ನಾರು ಅಥವಾ ಬಸಾಲ್ಟ್ ಕಲ್ಲಿನ ನಾರು, ಹೊರಗೆ ಡಬ್ಬಿ. ಅನಿಲ ನೇರವಾಗಿ ಹೋಗುತ್ತದೆ, ಶಬ್ದ ಮಾತ್ರ ರಂಧ್ರಗಳಿಂದ ನಾರಿನೊಳಗೆ ಇಂಗುತ್ತದೆ. ನಾರು ಕರ್ಕಶವಾದ ಏರುದನಿಯನ್ನು ಚೆನ್ನಾಗಿ ಹೀರುತ್ತದೆ, ಮಂದ್ರವನ್ನು ಅಷ್ಟಾಗಿ ಹೀರದು. ಕಾಲಕ್ರಮೇಣ ನಾರು ಸುಟ್ಟು ಉದುರುತ್ತದೆ. ಕೊಂಡಾಗ ಹಿತವಾಗಿದ್ದ ಎಕ್ಸಾಸ್ಟ್ ಕೆಲವು ವರ್ಷಗಳಲ್ಲಿ ಒರಟಾಗಿ ಕೂಗತೊಡಗುವುದು ಇದಕ್ಕೇ. ಮತ್ತೆ ನಾರು ತುಂಬಿಸಲು ಬರುವಂಥ, ಬೋಲ್ಟ್ ಹಾಕಿದ ಮುಚ್ಚಳದ ಸೈಲೆನ್ಸರುಗಳೂ ಸಿಗುತ್ತವೆ. ಸಿಕ್ಕರೆ ಅವನ್ನೇ ಆರಿಸಿಕೊಳ್ಳಬೇಕು.

ಈಗ ನಿಜವಾದ ಶತ್ರುವಿನ ವಿಷಯ. ಹೊಸ ಎಕ್ಸಾಸ್ಟ್ ಹಾಕಿಸಿ ಮೊದಲ ವಾರ ಕುಣಿದಾಡಿದವರಲ್ಲಿ ಎಷ್ಟೋ ಜನ ಕೆಲವೇ ತಿಂಗಳಲ್ಲಿ ಹಳೆಯದನ್ನು ಮರಳಿ ಹಾಕಿಸುತ್ತಾರೆ. ಕಾರಣ ಹೆದ್ದಾರಿಯಲ್ಲಿ ತಲೆಯೊಳಗೆ ಕೂತು ಬಿಡುವ ಗುಂಯ್‌ಗಾಟ. ಇದನ್ನು ಡ್ರೋನ್ ಎನ್ನುತ್ತಾರೆ. 86ರ ಮ್ಯಾನುಯಲ್ ಮಾದರಿ ಆರನೇ ಗಿಯರಿನಲ್ಲಿ ಗಂಟೆಗೆ 100 ಕಿಲೋಮೀಟರ್ ಓಡುವಾಗ ಎಂಜಿನ್ ಸುಮಾರು 2,600ರಿಂದ 2,700 ಆರ್‌ಪಿಎಂನಲ್ಲಿರುತ್ತದೆ. ನಾಲ್ಕು ಸಿಲಿಂಡರಿನ ಲೆಕ್ಕಕ್ಕೆ ಅದು 88 ಹರ್ಟ್ಸ್ ಆಸುಪಾಸು. ಸಣ್ಣ ಕಾರಿನ ಒಳಾವರಣ ಇಂಥ ಮಂದ್ರಗಳಿಗೆ ಸುಲಭವಾಗಿ ದನಿಗೂಡುತ್ತದೆ. ಹೊರಗೆ ನಿಂತವರಿಗೆ ಇಂಪಾಗಿ ಕೇಳುವ ಕಾರು ಒಳಗೆ ಕೂತವರ ಕಿವಿಗೆ ಒತ್ತಡವಾಗುವುದು ಹೀಗೆ. ಪಕ್ಕದಲ್ಲಿ ಕೂತವರೊಡನೆ ಮಾತಾಡಲಾಗದು, ಹಾಡು ಕೇಳಲಾಗದು, ಎರಡು ಗಂಟೆ ಓಡಿಸಿದರೆ ತಲೆನೋವು.

ಇದಕ್ಕೂ ಪರಿಹಾರವಿದೆ. ಖಾಲಿ ಬಾಟಲಿಯ ಬಾಯಿಗೆ ಊದಿದರೆ ಒಂದೇ ಸ್ವರ ಹೊರಡುತ್ತದಲ್ಲ, ಅದೇ ತತ್ವದ ರೆಸೊನೇಟರ್ ಡಬ್ಬಿಗಳು ತಮ್ಮ ಸ್ವರಕ್ಕೆ ಹೊಂದುವ ಶಬ್ದವನ್ನು ಮಾತ್ರ ನುಂಗುತ್ತವೆ. ಇನ್ನೂ ಸರಳವಾದ ವಿಧಾನವೆಂದರೆ, ಮುಖ್ಯ ಕೊಳವೆಗೆ ಪಕ್ಕದಿಂದ ಒಂದು ಕೊಂಬೆ ಬೆಸೆದು ಅದರ ತುದಿ ಮುಚ್ಚಿಬಿಡುವುದು. ಶಬ್ದದ ಅಲೆ ಕೊಂಬೆಯೊಳಗೆ ಹೋಗಿ ಮುಚ್ಚಿದ ತುದಿಗೆ ಬಡಿದು ಹಿಂದಿರುಗುವಷ್ಟರಲ್ಲಿ ಮುಖ್ಯ ಕೊಳವೆಯ ಅಲೆ ಅರ್ಧ ಹೆಜ್ಜೆ ಮುಂದೆ ಹೋಗಿರಬೇಕು. ಆಗ ಒಂದರ ಏರು ಇನ್ನೊಂದರ ಇಳಿಗೆ ಸಿಕ್ಕಿ ಎರಡೂ ಅಳಿಯುತ್ತವೆ. ಲೆಕ್ಕ ಕಷ್ಟದ್ದಲ್ಲ. 300 ಡಿಗ್ರಿ ಸೆಲ್ಸಿಯಸ್ ಬಿಸಿಯ ಅನಿಲದಲ್ಲಿ ಶಬ್ದ ಸೆಕೆಂಡಿಗೆ ಸುಮಾರು 480 ಮೀಟರ್ ಓಡುತ್ತದೆ. ಅದನ್ನು 88ರಿಂದ ಭಾಗಿಸಿದರೆ ಅಲೆಯ ಉದ್ದ ಸುಮಾರು ಐದೂವರೆ ಮೀಟರ್. ಕೊಂಬೆಯ ಉದ್ದ ಅದರ ಕಾಲು ಭಾಗ, ಅಂದರೆ 1.36 ಮೀಟರ್ ಇರಬೇಕು. ಅಷ್ಟುದ್ದದ ಕೊಳವೆಯನ್ನು ಈ ಕಾರಿನ ಅಡಿಯಲ್ಲಿ ಎಲ್ಲಿ ಮಡಚಿಡುವುದು ಎಂಬುದೇ ತಲೆನೋವು. ನುರಿತ ವೆಲ್ಡರ್ ಅದನ್ನು ಜೆ ಆಕಾರಕ್ಕೆ ಬಗ್ಗಿಸಿ ಸೈಲೆನ್ಸರಿನ ಪಕ್ಕದ ಸಂದಿಯಲ್ಲಿ ಕೂರಿಸುತ್ತಾನೆ. ಅನಿಲದ ಬಿಸಿ ಬದಲಾದರೆ ಲೆಕ್ಕವೂ ಬದಲಾಗುವುದರಿಂದ ಒಳ್ಳೆಯ ಕೆಲಸಗಾರರು ಮೊದಲು ಸ್ವಲ್ಪ ಉದ್ದವಾಗಿಯೇ ಬೆಸೆದು, ಓಡಿಸಿ ಕೇಳಿ, ಕತ್ತರಿಸಿ ಸರಿಮಾಡುತ್ತಾರೆ. ಇಡೀ ಎಕ್ಸಾಸ್ಟ್‌ನಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ ಈ ಮೊಂಡು ಕೊಂಬೆ. ಅದರಿಂದ ಒಂದು ಅಶ್ವಶಕ್ತಿಯೂ ಹೆಚ್ಚುವುದಿಲ್ಲ, ಹೊರಗೆ ಕಾಣುವುದೂ ಇಲ್ಲ. ಆದರೆ ಅದಿಲ್ಲದ ದುಬಾರಿ ಎಕ್ಸಾಸ್ಟ್‌ಗಿಂತ ಅದಿರುವ ಅಗ್ಗದ ಎಕ್ಸಾಸ್ಟ್ ಮೇಲು.

ಇನ್ನು ಉಸಿರು ಕಟ್ಟುವ ಸಮಸ್ಯೆ. 86ರ 2.0 ಲೀಟರ್ ಎಂಜಿನ್ 7,000 ಆರ್‌ಪಿಎಂನಲ್ಲಿ 200 ಅಶ್ವಶಕ್ತಿ ಕೊಡುತ್ತಿತ್ತು. ಆದರೆ ಸುಮಾರು 3,500ರಿಂದ 4,500ರ ನಡುವೆ ಟಾರ್ಕ್, ಅಂದರೆ ತಿರುಗಿಸುವ ಬಲ, ಕುಸಿದು ಮತ್ತೆ ಏಳುತ್ತಿತ್ತು. ದಿನನಿತ್ಯ ಓಡಿಸುವಾಗ ಹೆಚ್ಚು ಬೇಕಾಗುವುದು ಅದೇ ಭಾಗ. ಇದರ ಮೂಲವೂ ಬಹುಮಟ್ಟಿಗೆ ಕೊಳವೆಯ ಉದ್ದವೇ. ವಾಲ್ವಿನಿಂದ ಹೊರಟ ಒತ್ತಡದ ಅಲೆ ಕೊಳವೆಗಳು ಕೂಡುವ ಜಾಗ ತಲುಪಿದಾಗ ಹೀರುವ ಅಲೆಯಾಗಿ ತಿರುಗಿ ಹಿಂದಕ್ಕೆ ಓಡಿಬರುತ್ತದೆ. ಹೊರಹೋಗುವ ವಾಲ್ವ್ ಇನ್ನೂ ಮುಚ್ಚದೆ, ಒಳಬರುವ ವಾಲ್ವ್ ಆಗಷ್ಟೇ ತೆರೆದಿರುವ ಕ್ಷಣಕ್ಕೆ ಸರಿಯಾಗಿ ಈ ಅಲೆ ಮರಳಿದರೆ, ಉಳಿದ ಹೊಗೆಯನ್ನು ಎಳೆದುಹಾಕಿ ಹೊಸ ಗಾಳಿಗೆ ದಾರಿ ಮಾಡುತ್ತದೆ. ಒತ್ತಡದ ಅಲೆ ಮರಳಿದರೆ ಹೊಗೆಯನ್ನು ಸಿಲಿಂಡರಿಗೇ ತಳ್ಳುತ್ತದೆ. ಯಾವ ಆರ್‌ಪಿಎಂನಲ್ಲಿ ಯಾವುದು ಮರಳುತ್ತದೆ ಎಂಬುದನ್ನು ನಿರ್ಧರಿಸುವುದು ಹೆಡರಿನ ಅಳತೆ.

ಹೆಡರ್ ಬದಲಿಸಿ, ಅದಕ್ಕೆ ತಕ್ಕಂತೆ ಎಂಜಿನ್ ಕಂಪ್ಯೂಟರನ್ನು ಮರುಹೊಂದಿಸಿದ ಮಾಲೀಕರಿಗೆ ಆ ಕುಸಿತ ಬಹುಪಾಲು ತುಂಬಿತು. ಒಟ್ಟು ಅಶ್ವಶಕ್ತಿ ಏರಿದ್ದು ಸ್ವಲ್ಪವೇ. ಕಾಲಡಿಯ ಅನುಭವ ಮಾತ್ರ ಪೂರ್ತಿ ಬೇರೆ. ಘಟ್ಟದ ತಿರುವಿನಿಂದ ಹೊರಬರುವಾಗ ಗಿಯರ್ ಇಳಿಸದೆಯೇ ಕಾರು ಮೇಲಕ್ಕೆ ಚಿಮ್ಮುತ್ತದೆ. 2021ರ ಎರಡನೇ ಪೀಳಿಗೆಯ ಜಿಆರ್86ರಲ್ಲಿ ಕಂಪನಿಯೇ ಎಂಜಿನ್ನನ್ನು 2.4 ಲೀಟರಿಗೆ ಹಿಗ್ಗಿಸಿತು. ಮೊದಲು 6,400ಕ್ಕೆ ಸಿಗುತ್ತಿದ್ದ ಗರಿಷ್ಠ ಟಾರ್ಕ್ ಆಗ 3,700ಕ್ಕೇ ಸಿಗತೊಡಗಿತು. ಮಾಲೀಕರ ದೂರು ನ್ಯಾಯವಾದದ್ದೆಂದು ಅದಕ್ಕಿಂತ ಸ್ಪಷ್ಟವಾಗಿ ಹೇಳಬೇಕಿಲ್ಲ.

ಹೆಡರ್ ಮುಟ್ಟದೆ ಹಿಂದಿನ ಸೈಲೆನ್ಸರ್ ಮಾತ್ರ ಬದಲಿಸಿದರೆ ಇಂಥ ಪವಾಡ ನಡೆಯದು. ಟರ್ಬೊ ಇಲ್ಲದ ಸಣ್ಣ ಎಂಜಿನ್ನಿಗೆ ಅದರಿಂದ ಸಿಗುವುದು ಬೆರಳೆಣಿಕೆಯ ಅಶ್ವಶಕ್ತಿ. ಕಾರಿನ ತೂಕ ಕೆಲವು ಕಿಲೋ ಇಳಿಯಬಹುದು, ಅದೂ ಹಿಂಬದಿಯ ತುದಿಯಲ್ಲಿ ಇಳಿಯುವುದರಿಂದ ಒಳ್ಳೆಯದೇ. ಮಾರುವವರು ಇದಕ್ಕಿಂತ ಹೆಚ್ಚು ಹೇಳಿದರೆ ನಂಬಬೇಡಿ. ಹಾಗೆಯೇ, ಎಂಜಿನ್ನಿಗೆ ಹಿಂದೊತ್ತಡ ಬೇಕು, ಇಲ್ಲದಿದ್ದರೆ ಶಕ್ತಿ ಸೋರುತ್ತದೆ ಎಂಬ ಗ್ಯಾರೇಜು ಮಾತನ್ನೂ ನಂಬಬೇಕಿಲ್ಲ. ಯಾವ ಎಂಜಿನ್ನಿಗೂ ಹಿಂದೊತ್ತಡ ಬೇಡ, ಅನಿಲಕ್ಕೆ ವೇಗ ಬೇಕು. 2.5 ಇಂಚಿನ ಬದಲು 3 ಇಂಚಿನ ಕೊಳವೆ ಹಾಕಿದರೆ ಒಳಜಾಗ ಶೇ 44ರಷ್ಟು ಹಿಗ್ಗುತ್ತದೆ, ಅನಿಲ ಅಷ್ಟಕ್ಕೆ ತಕ್ಕಂತೆ ನಿಧಾನವಾಗುತ್ತದೆ. 200 ಅಶ್ವಶಕ್ತಿಯ ಕಾರಿಗೆ 3 ಇಂಚು ಹಾಕಿ ದಪ್ಪ ದನಿ ಪಡೆದು, ಓಟದ ಚುರುಕು ಕಳೆದುಕೊಂಡವರು ಹುಟ್ಟುಹಾಕಿದ ತಪ್ಪು ತೀರ್ಮಾನವೇ ಆ ಹಿಂದೊತ್ತಡದ ಮಾತು.

ಕೈಗೆ ಬಂದ ಎಕ್ಸಾಸ್ಟ್ ಒಳ್ಳೆಯದೋ ಅಲ್ಲವೋ ಎಂದು ನೋಡಲು ಕೆಲವು ಸುಲಭ ಗುರುತುಗಳಿವೆ. ಬಾಗಿದ ಕಡೆ ಬೆರಳಾಡಿಸಿ. ಒಳಗೆ ಆಸರೆ ಕೊಟ್ಟು ಬಗ್ಗಿಸಿದ ಕೊಳವೆ ತಿರುವಿನಲ್ಲೂ ದುಂಡಗೇ ಇರುತ್ತದೆ. ಬರಿದೆ ಒತ್ತಿ ಬಗ್ಗಿಸಿದ್ದು ಅಲ್ಲಿ ಚಪ್ಪಟೆಯಾಗಿ, ಸುಕ್ಕುಗಟ್ಟಿ, ಅನಿಲದ ದಾರಿಯನ್ನು ಕಿರಿದುಗೊಳಿಸಿರುತ್ತದೆ. ಒಂದು ಅಯಸ್ಕಾಂತ ಇಟ್ಟು ನೋಡಿ. 409 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿಗೆ ಅದು ಗಟ್ಟಿಯಾಗಿ ಅಂಟುತ್ತದೆ, ನಿಕ್ಕಲ್ ಹೆಚ್ಚಿರುವ 304ಕ್ಕೆ ಅಂಟುವುದಿಲ್ಲ. ಮಳೆನಾಡಿಗೆ, ಕಡಲ ಕರೆಗೆ, ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ದೇಶಗಳಿಗೆ 304 ಬೇಕು. ಬೆಸುಗೆಯ ಒಳಬದಿಗೆ ಟಾರ್ಚ್ ಬಿಡಿ. ಆರ್ಗಾನ್ ಅನಿಲ ತುಂಬಿ ಬೆಸೆದಿದ್ದರೆ ನಯವಾಗಿರುತ್ತದೆ, ಇಲ್ಲದಿದ್ದರೆ ಸುಟ್ಟ ಸಕ್ಕರೆಯ ಹಾಗೆ ಕಪ್ಪು ಹರಳು ಕಟ್ಟಿರುತ್ತದೆ. ಟೈಟಾನಿಯಂ ಉಕ್ಕಿಗಿಂತ ಹಗುರ, ಹೆಚ್ಚುಕಡಿಮೆ ಅರ್ಧ ತೂಕ. ಸ್ಲೊವೇನಿಯಾದ ಮಾಜಿ ಬೈಕ್ ರೇಸರ್ ಇಗೋರ್ ಅಕ್ರಪೋವಿಚ್ ಕಟ್ಟಿದ ಕಂಪನಿ ಆ ಲೋಹಕ್ಕೇ ಹೆಸರುವಾಸಿ. ತೆಳು ಟೈಟಾನಿಯಂ ಕೊಳವೆಯ ದನಿಯಲ್ಲಿ ಲೋಹದ ಒಂದು ಕಣಕಣ ಬೆರೆಯುತ್ತದೆ. ಕೆಲವರಿಗೆ ಅದೇ ಬೇಕು. ನನ್ನ ಕಿವಿಗೆ ಉಕ್ಕಿನ ತುಂಬುದನಿಯೇ ಹಿತ.

ಜೋಡಿಸುವ ಕೆಲಸ ದೊಡ್ಡದಲ್ಲ, ತಾಳ್ಮೆಯದು. ಕಾರು ಲಿಫ್ಟ್ ಮೇಲೇರಿದ ಕೂಡಲೇ ತುಕ್ಕು ಹಿಡಿದ ಫ್ಲಾಂಜ್ ಬೋಲ್ಟುಗಳಿಗೆ ಎಣ್ಣೆ ಹೊಡೆದು ನೆನೆಯಲು ಬಿಡಬೇಕು. ಅವಸರಪಟ್ಟು ಸ್ಪ್ಯಾನರ್ ತಿರುವಿದರೆ ಬೋಲ್ಟಿನ ತಲೆ ಮುರಿದು ಕೈಗೆ ಬರುತ್ತದೆ. ಸೈಲೆನ್ಸರ್ ತೂಗುಹಾಕುವ ರಬ್ಬರುಗಳಿಗೆ ಸೋಪಿನ ನೀರು ಸವರಿದರೆ ಜಾರಿ ಬಿಡುತ್ತವೆ. ಹೊಸದನ್ನು ಏರಿಸಿದ ಮೇಲೆ ಎಲ್ಲ ಬೋಲ್ಟುಗಳನ್ನೂ ಒಮ್ಮೆಲೇ ಬಿಗಿಯಬಾರದು. ಸಡಿಲವಾಗಿಟ್ಟು, ಕೊಳವೆಯ ಬಾಯಿ ಬಂಪರಿನ ಕಿಂಡಿಯ ಮಧ್ಯಕ್ಕೆ ಬರುವಂತೆ ಸರಿಸಿ, ಮುಂದಿನಿಂದ ಹಿಂದಕ್ಕೆ ಒಂದೊಂದಾಗಿ ಬಿಗಿಯಬೇಕು. ಎಂಜಿನ್ ಚಾಲೂ ಮಾಡಿ ಪ್ರತಿ ಕೂಡುವಿಕೆಯ ಹತ್ತಿರ ಕಿವಿ ಕೊಟ್ಟರೆ ಸೋರಿಕೆ ಇದ್ದಲ್ಲಿ ಟಿಕ್ ಟಿಕ್ ಎನ್ನುತ್ತದೆ. ಆಕ್ಸಿಜನ್ ಸೆನ್ಸರಿಗಿಂತ ಮುಂದೆ ಸೋರಿದರೆ ಹೊರಗಾಳಿ ಒಳಹೊಕ್ಕು, ಪೆಟ್ರೋಲು ಕಡಿಮೆಯಾಗಿದೆ ಎಂದು ಕಂಪ್ಯೂಟರ್ ತಪ್ಪು ತಿಳಿದು ಹೆಚ್ಚು ಇಂಧನ ಸುರಿಯುತ್ತದೆ.

ಟೊಯೋಟಾ ದನಿಯ ಕೊರತೆ ನೀಗಿಸಲು ತಾನೇ ಒಂದು ಉಪಾಯ ಮಾಡಿತ್ತು. ಎಂಜಿನ್ ಒಳಗೆಳೆಯುವ ಗಾಳಿಯ ಸದ್ದನ್ನು ಒಂದು ಕೊಳವೆಯ ಮೂಲಕ ಚಾಲಕನ ಕಡೆಗೆ ಹರಿಸುವ ಸೌಂಡ್ ಕ್ರಿಯೇಟರ್ ಅದು. ಎರಡನೇ ಪೀಳಿಗೆಯಲ್ಲಿ ಸ್ಪೀಕರಿನಿಂದಲೇ ಎಂಜಿನ್ ಸದ್ದು ಹೊರಡಿಸಿದರು. 2011ರ ಬಿಎಂಡಬ್ಲ್ಯು ಎಂ5 ಕಾರಿನಲ್ಲೂ ಅದೇ ಏರ್ಪಾಡಿತ್ತು. ಕೊಳವೆಯದನ್ನು ನಾನು ಒಪ್ಪುತ್ತೇನೆ, ಅದು ಆ ಎಂಜಿನ್ನಿನದೇ ಉಸಿರು. ಸ್ಪೀಕರಿನದನ್ನು ಒಪ್ಪಲಾರೆ.

ಕೊನೆಗೆ ಬಿಟ್ಟುಕೊಡಬಾರದ ಒಂದು ವಿಷಯ. 86ರ ಹೆಡರಿನೊಳಗೇ ಒಂದು ಕ್ಯಾಟಲಿಟಿಕ್ ಕನ್ವರ್ಟರ್ ಇದೆ, ಅದರ ಹಿಂದೆ ಇನ್ನೊಂದು. ಕಾರ್ಬನ್ ಮಾನಾಕ್ಸೈಡ್, ಉರಿಯದ ಪೆಟ್ರೋಲಿನ ಆವಿ, ಸಾರಜನಕದ ಆಕ್ಸೈಡುಗಳನ್ನು ನಿರಪಾಯಕಾರಿ ಮಾಡುವುದು ಅವೇ. ಜೋರು ದನಿಗಾಗಿ ಅವನ್ನು ಕಿತ್ತು ಬರಿ ಕೊಳವೆ ಹಾಕುವವರಿದ್ದಾರೆ. ಅಮೆರಿಕದಲ್ಲಿ ಅದು ಕೇಂದ್ರ ಕಾನೂನಿಗೇ ವಿರುದ್ಧ. ಕ್ಯಾಲಿಫೋರ್ನಿಯಾದಲ್ಲಿ ಹೆಡರ್ ಬದಲಿಸಲು ಅಲ್ಲಿನ ವಾಯು ಮಂಡಳಿಯ ಮಂಜೂರಾತಿ ಸಂಖ್ಯೆ ಇರುವ ಬಿಡಿಭಾಗವೇ ಆಗಬೇಕು, ಎಕ್ಸಾಸ್ಟ್ ಸದ್ದು 95 ಡೆಸಿಬೆಲ್ ಮೀರಬಾರದು. ಕಾರು ಓಡಿಸುವುದಕ್ಕೆಂದೇ ಇರುವ ಅಲ್ಲಿನ ಲಗುನಾ ಸೆಕಾ ರೇಸ್ ಟ್ರ್ಯಾಕಿನಲ್ಲೂ ಹೆಚ್ಚಿನ ದಿನ 90 ಡೆಸಿಬೆಲ್ ಆಸುಪಾಸಿನ ಮಿತಿಯಿದೆ. ಕಾರುಗಳ ಮಾರ್ಪಾಡಿಗೆ ತವರಾದ ಜಪಾನಿನಲ್ಲಿ 2010ರ ಏಪ್ರಿಲ್ ನಂತರ ತಯಾರಾದ ಕಾರುಗಳಿಗೆ ಪರೀಕ್ಷೆಯಲ್ಲಿ ತೇರ್ಗಡೆಯಾದ ಸೈಲೆನ್ಸರನ್ನೇ ಹಾಕಬೇಕು. ಇಷ್ಟು ಬಿಗಿಯಿದ್ದೂ ಅಲ್ಲಿನ ತಯಾರಕರು ಮನಸೋಲುವ ದನಿ ಹೊರಡಿಸುತ್ತಾರೆ. ಮಿತಿಯೊಳಗೆ ಕೆಲಸ ಮಾಡಬೇಕಾಗಿ ಬಂದದ್ದರಿಂದಲೇ ಅವರ ಕಸುಬು ಪಳಗಿತು ಎಂದು ನನಗನ್ನಿಸುತ್ತದೆ.

ನಮ್ಮಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕಂಪನಿ ಕೊಟ್ಟ ವಿವರಗಳಿಗೆ ವ್ಯತಿರಿಕ್ತವಾದ ಮಾರ್ಪಾಡನ್ನು ತಡೆಯುತ್ತದೆ. ಶಬ್ದ ಮತ್ತು ಹೊಗೆಯ ಮಿತಿ ಮೀರಿದರೆ 190(2)ರ ಪ್ರಕಾರ 10,000 ರೂಪಾಯಿವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಸಜೆ ಅಥವಾ ಎರಡೂ, ಜೊತೆಗೆ ಮೂರು ತಿಂಗಳು ಲೈಸೆನ್ಸ್ ಅನರ್ಹ. ರಾಜ್ಯದ ಹಲವು ಊರುಗಳಲ್ಲಿ ಪೊಲೀಸರು ವಶಪಡಿಸಿಕೊಂಡ ಬೈಕ್ ಸೈಲೆನ್ಸರುಗಳನ್ನು ಸಾಲಾಗಿ ಮಲಗಿಸಿ ರೋಡ್ ರೋಲರ್ ಹರಿಸಿದ್ದನ್ನು ಎಲ್ಲರೂ ನೋಡಿದ್ದೇವೆ. ಆಸ್ಪತ್ರೆಯ ಮುಂದೆ, ಪರೀಕ್ಷೆಗೆ ಓದುವ ಮಕ್ಕಳಿರುವ ಬೀದಿಯಲ್ಲಿ ಮಧ್ಯರಾತ್ರಿ ಕೇಳುವ ಆ ಬೊಬ್ಬೆಗೂ ಈ ಲೇಖನದ ವಿಷಯಕ್ಕೂ ಸಂಬಂಧವಿಲ್ಲ. ಹತ್ತು ಡೆಸಿಬೆಲ್ ಏರಿದರೆ ಕಿವಿಗೆ ಇಮ್ಮಡಿ ಜೋರಾಗಿ ಕೇಳುತ್ತದೆ. ಇಂಪು ಮಾತ್ರ ಒಂದಿಷ್ಟೂ ಹೆಚ್ಚುವುದಿಲ್ಲ. ಫೋರ್ಡ್ ಕಂಪನಿ 2018ರ ಮಸ್ಟಾಂಗ್‌ಗೆ, ಬೆಳಗಿನ ಜಾವ ಸ್ಟಾರ್ಟ್ ಮಾಡಿದರೂ ವಿ8 ತಗ್ಗಿದ ದನಿಯಲ್ಲಿರುವಂತೆ ಮೊದಲೇ ಸಮಯ ಹೊಂದಿಸಿಡುವ ಏರ್ಪಾಡು ಕೊಟ್ಟಿತು. ವಾಲ್ವ್ ಇರುವ ಎಕ್ಸಾಸ್ಟ್‌ನಿಂದ ಅದು ಸಾಧ್ಯ. ಬೀದಿ ದಾಟುವವರೆಗೆ ಮುಚ್ಚಿ, ಹೆದ್ದಾರಿಯಲ್ಲಿ ತೆರೆದರಾಯಿತು. ಹಣವಿದ್ದರೆ ಅದಕ್ಕೇ ಹಾಕಿ.

ಹೊರದೇಶದಲ್ಲಿದ್ದು ಇಂಥದೊಂದು ಕಾರು ಕೊಂಡಿರುವ ಓದುಗರಿಗೆ ಒಂದು ಮಾತು. ಎಕ್ಸಾಸ್ಟ್ ಆರಿಸುವಾಗ ಮೊಬೈಲಿನಲ್ಲಿ ಕೇಳಿ ತೀರ್ಮಾನಿಸಬೇಡಿ, ಅದರ ಪುಟ್ಟ ಸ್ಪೀಕರಿಗೆ 88 ಹರ್ಟ್ಸ್ ಹೊರಡಿಸುವ ತಾಕತ್ತಿಲ್ಲ. ಅದನ್ನು ಹಾಕಿಸಿಕೊಂಡವರ ಕಾರಿನಲ್ಲಿ ಕೂತು, ಹೆದ್ದಾರಿ ವೇಗದಲ್ಲಿ ಒಂದು ಗಂಟೆ ಹೋಗಿ ಬನ್ನಿ. ನಿಮ್ಮ ರಾಜ್ಯದ ನಿಯಮ ಓದಿಕೊಳ್ಳಿ, ಕ್ಯಾಟಲಿಟಿಕ್ ಕನ್ವರ್ಟರ್ ಮುಟ್ಟಬೇಡಿ. ಕಳಚಿದ ಹಳೆಯ ಸೈಲೆನ್ಸರನ್ನು ಗುಜರಿಗೆ ಕೊಡದೆ ಒರೆಸಿ ಎತ್ತಿಡಿ. ತಪಾಸಣೆಗೂ ಮುಂದೆ ಕಾರು ಮಾರುವಾಗಲೂ ಅದು ಬೇಕಾಗುತ್ತದೆ.